ಗೇರ್‌ಬಾಕ್ಸಿನ ಸದ್ದು, ಗೌರಿಬಿದನೂರಿನ ಲೆಕ್ಕ

ಆಷಾಢದ ಗಾಳಿ ಬೀಸತೊಡಗಿತೆಂದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಫ್ಯಾನುಗಳಿಗೆ ಬಿಡುವಿಲ್ಲ. ಹಿರಿಯೂರು ಬಳಿಯ ಬಬ್ಬೂರಿನಿಂದ ಹೊಸದುರ್ಗದ ಕಡೆಗೋ ಚಿತ್ರದುರ್ಗದ ಕಡೆಗೋ ಬಸ್ಸು ಹತ್ತಿದವರು ಕಿಟಕಿಯಿಂದ ನೋಡುತ್ತ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಯೊಂದಿದೆ: ಸಾಲಿನಲ್ಲಿ ಎಲ್ಲ ತಿರುಗುತ್ತಿವೆ, ನಡುವಿನದೊಂದು ಮಾತ್ರ ಯಾಕೆ ಸುಮ್ಮನೆ ನಿಂತಿದೆ? ಗಾಳಿ ಅದಕ್ಕೂ ಬೀಸುತ್ತಿದೆಯಲ್ಲ?

ಕಾರಣ ಹಲವು. ಗ್ರಿಡ್‌ಗೆ ಆ ಹೊತ್ತು ವಿದ್ಯುತ್ ಬೇಡವಾಗಿರಬಹುದು, ಗೋಪುರದೊಳಗಿನ ಕೇಬಲ್ ಸುತ್ತಿಕೊಂಡಿದ್ದನ್ನು ಬಿಡಿಸುತ್ತಿರಬಹುದು, ಮಾಮೂಲಿ ತಪಾಸಣೆಯೂ ಇರಬಹುದು. ಇವೆಲ್ಲ ಗಂಟೆಗಳಲ್ಲಿ ಮುಗಿಯುವ ಮಾತು. ಗೇರ್‌ಬಾಕ್ಸ್ ಕೈಕೊಟ್ಟರೆ ಹಾಗಲ್ಲ. ಅದನ್ನು ಕೆಳಗಿಳಿಸಲು ದೈತ್ಯ ಕ್ರೇನು ಗುಡ್ಡ ಹತ್ತಬೇಕು, ಬದಲಿ ಗೇರ್‌ಬಾಕ್ಸ್ ಬರಬೇಕು. ಅಷ್ಟರಲ್ಲಿ ಆಷಾಢ ಶ್ರಾವಣಗಳು ಕಳೆದರೆ ಆ ವರ್ಷದ ದುಡಿಮೆಯ ದೊಡ್ಡ ಪಾಲು ಹೋದಂತೆಯೇ.

ಆದ್ದರಿಂದಲೇ ಕಂಪನಗಳನ್ನು ದಾಖಲಿಸಿ ವಿಶ್ಲೇಷಿಸುವ ತಂತ್ರಾಂಶಗಳಿಗೆ ಇಷ್ಟು ಬೇಡಿಕೆ. ಗೇರ್ ಮುರಿಯುವುದಕ್ಕೆ ತಿಂಗಳುಗಳ ಮೊದಲೇ ಸುಳಿವು ಸಿಕ್ಕರೆ ರಿಪೇರಿಯನ್ನು ಗಾಳಿಯಿಲ್ಲದ ಕಾಲಕ್ಕೆ ಇಟ್ಟುಕೊಳ್ಳಬಹುದು. ಈ ತಂತ್ರಾಂಶಗಳ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ಜಾಹೀರಾತಿನ ಮೊದಲ ಸಾಲಿನಲ್ಲಿ ಈಗೀಗ ಕೃತಕ ಬುದ್ಧಿಮತ್ತೆ ಇದ್ದೇ ಇರುತ್ತದೆ. ನಿಜಕ್ಕೂ ಕೆಲಸಕ್ಕೆ ಬರುವ ಬದಲಾವಣೆಗಳನ್ನು ಹುಡುಕಬೇಕೆಂದರೆ ಕೊನೆಯ ಪುಟಗಳ ಸಣ್ಣಕ್ಷರ ಓದಬೇಕು. ಅಲ್ಲಿರುವುದರಲ್ಲಿ ಬಹುಪಾಲು ಅರವತ್ತು ವರ್ಷ ಹಳೆಯ ಗಣಿತ, ಅದೂ ಗಾಳಿಯಂತ್ರಕ್ಕಾಗಿ ಹುಟ್ಟಿದ್ದೇ ಅಲ್ಲ.

ಮೊದಲು ಯಂತ್ರದ ತಲೆಯೊಳಗೆ ಏನಿದೆ ನೋಡೋಣ. ರೆಕ್ಕೆಗಳು ನಿಮಿಷಕ್ಕೆ ಸುಮಾರು 15ರಿಂದ 20 ಸುತ್ತು ಸುತ್ತುತ್ತವೆ. ಜನರೇಟರಿಗೆ ಬೇಕಾದ್ದು 1,500ರ ಆಸುಪಾಸು. ನಡುವೆ ಕುಳಿತ ಗೇರ್‌ಬಾಕ್ಸ್ ವೇಗವನ್ನು 75ರಿಂದ 100 ಪಟ್ಟು ಏರಿಸಬೇಕು. ಹೀಗಾಗಿ ಒಂದೇ ಪೆಟ್ಟಿಗೆಯಲ್ಲಿ ಮೂರು ಸೆಕೆಂಡಿಗೊಮ್ಮೆ ಸುತ್ತುವ ಅಚ್ಚೂ ಇದೆ, ಸೆಕೆಂಡಿಗೆ 25 ಸಲ ಸುತ್ತುವ ಅಚ್ಚೂ ಇದೆ. ಆ ವೇಗದ ಅಚ್ಚಿನ ಮೇಲೆ 23 ಹಲ್ಲಿನ ಗೇರ್ ಇದ್ದರೆ ಹಲ್ಲಿಗೆ ಹಲ್ಲು ಕೂಡುವ ಸದ್ದು ಸೆಕೆಂಡಿಗೆ 575 ಸಲ. ಅದರ ಮೇಲೆ ಬೇರಿಂಗುಗಳ ಸದ್ದು, ಎಣ್ಣೆ ಪಂಪಿನ ಸದ್ದು, ರೆಕ್ಕೆ ಗೋಪುರದ ಮುಂದೆ ಹಾಯುವಾಗಿನ ತೊನೆತ.

ಇಷ್ಟೆಲ್ಲ ಇರುವಾಗ ಗಾಳಿಯಂತ್ರದ ಮಾಮೂಲಿ ನಿಯಂತ್ರಣ ವ್ಯವಸ್ಥೆ ಕೂಡಿಡುವುದು ಹತ್ತು ನಿಮಿಷದ ಸರಾಸರಿಗಳನ್ನು! ಗಾಳಿಯ ವೇಗ, ವಿದ್ಯುತ್ತು, ಬೇರಿಂಗಿನ ಉಷ್ಣತೆ, ಹೀಗೆ. ವ್ಯವಹಾರದ ಲೆಕ್ಕಕ್ಕೆ ಅದು ಸಾಕು. ಆದರೆ ಸೆಕೆಂಡಿಗೆ ನೂರಾರು ಸಲ ಬೀಳುವ ಒಂದು ಸಣ್ಣ ಪೆಟ್ಟು ಹತ್ತು ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಬೇರಿಂಗ್ ಬಿಸಿಯಾಗಿ ಉಷ್ಣತೆಯ ಗೆರೆ ಮೇಲೇರುವ ಹೊತ್ತಿಗೆ ಕ್ರೇನಿಗೆ ಫೋನು ಮಾಡುವುದಷ್ಟೇ ಉಳಿದಿರುತ್ತದೆ. ಕಂಪನವನ್ನು ಬೇರೆಯಾಗಿಯೇ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಅಳೆಯಬೇಕಾದದ್ದು ಇದಕ್ಕೆ.

ಅಳೆದ ಮೇಲೆ? ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯನ್ನು ನೆನೆಯಬಹುದು. ತೇರು ಎಳೆಯುವ ಹೊತ್ತಿನಲ್ಲಿ ಜನರ ಕೂಗು, ಮೈಕು, ಪೀಪಿ, ಗಂಟೆ ಎಲ್ಲ ಸೇರಿ ಕಿವಿ ತುಂಬುತ್ತದೆ. ಆ ಗದ್ದಲದಲ್ಲಿ ಎಲ್ಲೋ ಒಂದು ಉರುಮೆ ಬಾರಿಸುತ್ತಿದೆ. ಅದನ್ನು ಹೆಕ್ಕುವುದು ಹೇಗೆ? ಮೊದಲು ಉರುಮೆಯ ಚರ್ಮ ಯಾವ ಶ್ರುತಿಯಲ್ಲಿ ಮಿಡಿಯುತ್ತದೆಯೋ ಅದರ ಮೇಲೆ ಮಾತ್ರ ಕಿವಿಯಿಟ್ಟು ಉಳಿದದ್ದನ್ನೆಲ್ಲ ಬಿಡಬೇಕು. ಆಮೇಲೆ ಆ ಶ್ರುತಿಯನ್ನೂ ಮರೆತು ಪೆಟ್ಟುಗಳನ್ನು ಮಾತ್ರ ಎಣಿಸಬೇಕು. ಯಾರು ಬಾರಿಸುತ್ತಿದ್ದಾರೆ ಎಂಬ ಗುಟ್ಟು ಇರುವುದು ಚರ್ಮದ ನಾದದಲ್ಲಲ್ಲ, ಪೆಟ್ಟಿನ ಲಯದಲ್ಲಿ. ಒಂದೇ ಉರುಮೆಯನ್ನು ಇಬ್ಬರು ಬಾರಿಸಿದರೆ ನಾದ ಒಂದೇ, ನಡೆ ಬೇರೆ.

ಬೇರಿಂಗಿನ ಕಥೆಯೂ ಹೀಗೆಯೇ. ಅದರ ಉಂಗುರದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಪ್ರತಿಯೊಂದು ಉರುಳೆ ಅದರ ಮೇಲೆ ಹಾಯುವಾಗಲೂ ಒಂದು ಪೆಟ್ಟು. ಆ ಪೆಟ್ಟಿಗೆ ಸುತ್ತಲಿನ ಉಕ್ಕು ತನ್ನದೇ ಶ್ರುತಿಯಲ್ಲಿ, ಸೆಕೆಂಡಿಗೆ ಹಲವು ಸಾವಿರ ಸಲ ಮಿಡಿಯುತ್ತದೆ. ಬಿರುಕು ಎಲ್ಲಿದ್ದರೂ ಮಿಡಿತ ಹೆಚ್ಚುಕಡಿಮೆ ಒಂದೇ. ಪೆಟ್ಟಿನ ಲೆಕ್ಕ ಮಾತ್ರ ಬದಲಾಗುತ್ತದೆ. ಮೆಕ್ಯಾನಿಕ್‌ಗಳಲ್ಲಿ ಚಾಲ್ತಿಯಲ್ಲಿರುವ ಸ್ಥೂಲ ಸೂತ್ರ: ಹೊರ ಉಂಗುರದ ದೋಷವಾದರೆ ಉರುಳೆಗಳ ಸಂಖ್ಯೆಯನ್ನು ಸುತ್ತಿನ ವೇಗದಿಂದ ಗುಣಿಸಿ, ಅದರ ಶೇಕಡ 40, ಒಳ ಉಂಗುರದ್ದಾದರೆ ಶೇಕಡ 60. ಸೆಕೆಂಡಿಗೆ 25 ಸುತ್ತಿನ ಅಚ್ಚಿನ ಮೇಲೆ 20 ಉರುಳೆಯ ಬೇರಿಂಗ್ ಇದ್ದರೆ 200 ಪೆಟ್ಟು ಕೇಳಿದಾಗ ಹೊರ ಉಂಗುರವನ್ನೂ 300 ಕೇಳಿದಾಗ ಒಳ ಉಂಗುರವನ್ನೂ ಶಂಕಿಸಬೇಕು. 1970ರ ದಶಕದಲ್ಲಿ ರೂಢಿಗೆ ಬಂದ ಈ ವಿಧಾನಕ್ಕೆ ಎನ್ವಲಪ್ ವಿಶ್ಲೇಷಣೆ ಎಂದು ಹೆಸರು. ಹಳೆಯ ತಂತ್ರಾಂಶಗಳಲ್ಲಿ ಯಾವ ಶ್ರುತಿಯ ಮೇಲೆ ಕಿವಿಯಿಡಬೇಕೆಂದು ಎಂಜಿನಿಯರನೇ ಅಂದಾಜಿನಿಂದ ಹೇಳಬೇಕಿತ್ತು. ಹೊಸ ಆವೃತ್ತಿಗಳಲ್ಲಿ ಕರ್ಟೋಗ್ರಾಮ್ ಎಂಬ ಗುಂಡಿ ಒತ್ತಿದರೆ ಪೆಟ್ಟುಗಳು ಯಾವ ಆವರ್ತನ ಪಟ್ಟಿಯಲ್ಲಿ ಹೆಚ್ಚು ಚೂಪಾಗಿವೆ ಎಂದು ತಂತ್ರಾಂಶವೇ ಹುಡುಕುತ್ತದೆ. ಇದರ ಹಿಂದಿನ ವಿಚಾರ 1983ರದ್ದು, ಅದನ್ನು ಬೇಗ ಲೆಕ್ಕಹಾಕುವ ದಾರಿಯನ್ನು ಫ್ರಾನ್ಸಿನ ಜೆರೋಮ್ ಆಂಟೋನಿ ತೋರಿಸಿದ್ದು 2007ರಲ್ಲಿ.

ಆದರೆ ಈ ಕಥೆಯ ನಿಜವಾದ ಬೇರು 1963ರಲ್ಲಿದೆ. ಆ ವರ್ಷ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಅಣುಪರೀಕ್ಷೆಗಳಿಗೆ ಭಾಗಶಃ ನಿಷೇಧ ಹಾಕಿಕೊಂಡವು. ಗಾಳಿಯಲ್ಲಿ, ನೀರಲ್ಲಿ, ಅಂತರಿಕ್ಷದಲ್ಲಿ ಪರೀಕ್ಷೆ ಕೂಡದು. ನೆಲದಡಿಯಲ್ಲಿ ಮಾತ್ರ ಮಾಡಬಹುದು. ನೆಲದಡಿಯದನ್ನು ಬಿಟ್ಟದ್ದಕ್ಕೆ ಒಂದು ಮುಖ್ಯ ಕಾರಣ, ದೂರದಲ್ಲಿ ಕುಳಿತು ಭೂಕಂಪ ಯಾವುದು ಬಾಂಬು ಯಾವುದು ಎಂದು ಹೇಳುವುದು ಕಷ್ಟವಾಗಿದ್ದದ್ದು. ಅಮೆರಿಕದ ಅಧ್ಯಕ್ಷರಿಗೆ ಸಲಹೆ ಕೊಡುತ್ತಿದ್ದ ವಿಜ್ಞಾನಿಗಳ ಸಭೆಯೊಂದರಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಒಂದು ಲೆಕ್ಕದ ಉಪಾಯ ಬರೆಯುತ್ತಿದ್ದರು. ಪಕ್ಕದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಗಾರ್ವಿನ್ ಅದರ ಬೆಲೆಯನ್ನು ಕೂಡಲೇ ಗುರುತಿಸಿದರು. ಐಬಿಎಂನ ಜೇಮ್ಸ್ ಕೂಲಿ ಅವರಿಗೆ ಅದನ್ನು ಕಂಪ್ಯೂಟರಿಗೆ ಅಳವಡಿಸಲು ಹೇಳಿದರು. ಯಾಕೆಂದು ಮಾತ್ರ ಹೇಳಲಿಲ್ಲ. ಹೀಲಿಯಂ-3 ಹರಳಿನ ಅಧ್ಯಯನಕ್ಕೆ ಬೇಕಾಗಿದೆ ಎಂದು ಕೂಲಿ ನಂಬಿದ್ದರಂತೆ. 1965ರ ಏಪ್ರಿಲ್‌ನಲ್ಲಿ ಕೂಲಿ ಮತ್ತು ಟ್ಯೂಕಿ ಐದೇ ಪುಟದ ಪ್ರಬಂಧ ಪ್ರಕಟಿಸಿದರು. ಅದೇ ಎಫ್‌ಎಫ್‌ಟಿ (ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್), ಯಾವುದೇ ಕಂಪನವನ್ನು ಅದರೊಳಗಿನ ಆವರ್ತನಗಳಾಗಿ ಬೇಗ ಬಿಡಿಸುವ ಲೆಕ್ಕ.

ಅದು ಉಳಿಸಿದ್ದೆಷ್ಟು? ಸೆಕೆಂಡಿಗೆ 25,600 ಸ್ಯಾಂಪಲ್‌ನಂತೆ 41 ಸೆಕೆಂಡು ದಾಖಲಿಸಿದರೆ ಸುಮಾರು ಹತ್ತೂವರೆ ಲಕ್ಷ ಅಂಕಿಗಳಾಗುತ್ತವೆ. ಅದರಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ನೇರ ದಾರಿಯಲ್ಲಿ ಬಿಡಿಸಲು ಒಂದು ಲಕ್ಷ ಕೋಟಿಗೂ ಮಿಕ್ಕ ಗುಣಾಕಾರ ಬೇಕು. ಎಫ್‌ಎಫ್‌ಟಿಗೆ ಸುಮಾರು ಎರಡು ಕೋಟಿ ಸಾಕು. ಇನ್ನೊಂದು ಸ್ವಾರಸ್ಯವೆಂದರೆ ಇದೇ ಉಪಾಯವನ್ನು ಜರ್ಮನಿಯ ಗೌಸ್ 1805ರ ಸುಮಾರಿಗೆ ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕಹಾಕುವಾಗ ಕೈಯಲ್ಲೇ ಮಾಡಿ, ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1866ರಲ್ಲಿ. ಆಗಲೂ ಯಾರೂ ಗಮನಿಸಲಿಲ್ಲ.

ಎಫ್‌ಎಫ್‌ಟಿ ಪ್ರಕಟವಾದ 1965ರಲ್ಲೇ, ನೆಲದಡಿಯ ಅಣುಪರೀಕ್ಷೆಗಳನ್ನು ಹಿಡಿಯುವ ಅದೇ ಉದ್ದೇಶಕ್ಕೆ, ಗೌರಿಬಿದನೂರಿನ ಗಟ್ಟಿ ಬಂಡೆಯ ನೆಲದಲ್ಲಿ ಅಣುಶಕ್ತಿ ಇಲಾಖೆಯ ಭೂಕಂಪ ಮಾಪಕಗಳ ಸಾಲು ಹುಟ್ಟಿಕೊಂಡಿತು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರ ಅದಕ್ಕಿತ್ತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಅದರ ಒಡಹುಟ್ಟುಗಳು. ಗೌರಿಬಿದನೂರಿನಲ್ಲಿ ಇಪ್ಪತ್ತು ಮಾಪಕಗಳನ್ನು ‘ಎಲ್’ ಆಕಾರದಲ್ಲಿ, ಎರಡು ತೋಳುಗಳ ಉದ್ದಕ್ಕೂ ಹರಡಿದ್ದಾರೆ. ದೂರದಿಂದ ಬಂದ ಅಲೆ ಒಂದೊಂದು ಮಾಪಕವನ್ನು ಒಂದೊಂದು ಗಳಿಗೆಯಲ್ಲಿ ಮುಟ್ಟುತ್ತದೆ. ಆ ತಡವನ್ನು ಸರಿಹೊಂದಿಸಿ ಎಲ್ಲ ದಾಖಲೆಗಳನ್ನೂ ಕೂಡಿದರೆ ಅಲೆ ಇಪ್ಪತ್ತು ಪಟ್ಟು ಬೆಳೆಯುತ್ತದೆ. ಲಾರಿ, ಗಾಳಿ, ದನಕರುಗಳ ಓಡಾಟದ ಅಡ್ಡಾದಿಡ್ಡಿ ನಡುಕ ಬೆಳೆಯುವುದು ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ ಪಟ್ಟು ಮಾತ್ರ. ತಡ ಯಾವ ಕಡೆಗೆ ಎಷ್ಟು ಎಂಬುದರಿಂದ ಅಲೆ ಬಂದ ದಿಕ್ಕೂ ತಿಳಿಯುತ್ತದೆ. 1998ರ ಪೋಖ್ರಾನ್ ಪರೀಕ್ಷೆಗಳ ಅಲೆಗಳೂ ಇಲ್ಲಿ ದಾಖಲಾದವು.

ಇಂದಿನ ತಂತ್ರಾಂಶದ ಮೆನುವಿನಲ್ಲಿ ಕಾಣುವ ಸೆಪ್‌ಸ್ಟ್ರಮ್ ಎಂಬ ಲೆಕ್ಕವೂ ಅದೇ ಕಾಲದ, ಅದೇ ಟ್ಯೂಕಿ ಬಳಗದ ಕೂಸು. 1963ರಲ್ಲಿ ಅದನ್ನು ರೂಪಿಸಿದ್ದು ಭೂಕಂಪದ ಅಲೆಯೊಳಗಿನ ಪ್ರತಿಧ್ವನಿ ಹಿಡಿಯಲು. ಈಗ ಅದು ಗೇರಿನ ಮುರಿದ ಹಲ್ಲು ಹುಡುಕುತ್ತಿದೆ.

ಹಾಗಿದ್ದರೆ ಹೊಸದೇನೂ ಇಲ್ಲವೇ? ಇದೆ. ಗಾಳಿಯಂತ್ರದ ದೊಡ್ಡ ತಲೆನೋವೆಂದರೆ ಅದರ ವೇಗ ಒಂದೇ ಸಮ ಇರುವುದಿಲ್ಲ. ಗಾಳಿ ಜೋರಾದರೆ ಅಚ್ಚಿನ ಸುತ್ತು ಏರುತ್ತದೆ, ಅದರ ಜೊತೆ 575 ಎಂದಿದ್ದ ಹಲ್ಲಿನ ಸದ್ದು 600 ಆಗುತ್ತದೆ. ಚೂಪಾಗಿ ಕಾಣಬೇಕಿದ್ದ ಗೆರೆ ಕಲಸಿ ದಿಬ್ಬವಾಗುತ್ತದೆ. ಇದಕ್ಕೆ ಮದ್ದು, ಕಂಪನವನ್ನು ಸೆಕೆಂಡಿನ ಲೆಕ್ಕದಲ್ಲಿ ಅಲ್ಲದೆ ಅಚ್ಚು ತಿರುಗಿದ ಕೋನದ ಲೆಕ್ಕದಲ್ಲಿ ಜೋಡಿಸುವುದು. ಆಗ ವೇಗ ಏರಲಿ ಇಳಿಯಲಿ, ಒಂದು ಸುತ್ತಿಗೆ 23 ಸಲ ಆಗುವ ಸದ್ದು 23 ಸಲವೇ. ಮೊದಲೆಲ್ಲ ಇದಕ್ಕೆ ಅಚ್ಚಿನ ಮೇಲೊಂದು ಸುತ್ತು ಎಣಿಸುವ ಸೆನ್ಸರ್ ಬೇಕೇ ಬೇಕಿತ್ತು. ಈಚಿನ ಆವೃತ್ತಿಗಳು ಹಲ್ಲಿನ ಸದ್ದಿನ ಏರಿಳಿತದಿಂದಲೇ ವೇಗವನ್ನು ಊಹಿಸಿಕೊಳ್ಳುತ್ತವೆ. ಹಳೆಯ ಯಂತ್ರಕ್ಕೆ ಹೊಸ ಸೆನ್ಸರ್ ಕೂರಿಸಲಾಗದ ಕಡೆ ಇದು ದೊಡ್ಡ ಉಪಕಾರ.

ಮತ್ತೊಂದು, ಗಡಿಯಾರ. ಬೇರೆ ಬೇರೆ ಕಡೆ ಕಂಪನ ದಾಖಲಿಸುವ ಪೆಟ್ಟಿಗೆಗಳಿಂದ ಬಂದ ದಾಖಲೆಗಳನ್ನು ಜೋಡಿಸಲು ಎಲ್ಲವೂ ಒಂದೇ ಸಮಯ ತೋರಿಸಬೇಕು. ಐಇಇಇ 1588 ಎಂಬ ಮಾನದಂಡ 2002ರಿಂದಲೇ ಇದೆ, ಮಾಮೂಲಿ ನೆಟ್‌ವರ್ಕ್ ತಂತಿಯಲ್ಲೇ ಮೈಕ್ರೊಸೆಕೆಂಡಿಗಿಂತ ಕಡಿಮೆ ವ್ಯತ್ಯಾಸಕ್ಕೆ ಗಡಿಯಾರಗಳನ್ನು ಹೊಂದಿಸುತ್ತದೆ. ಈಗ ಸಾಮಾನ್ಯ ಬೆಲೆಯ ಉಪಕರಣಗಳಿಗೂ ಅದು ಇಳಿದಿದೆ. ಹೀಗೆ ಸಮಯ ಹೊಂದಿಸುವುದರ ಮಹತ್ವ ತಿಳಿಯಲು ಪಕ್ಕದ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯ ನೋಡಿದರೆ ಸಾಕು. 2024ರ ಜೂನ್ 23ರಂದು ಇಸ್ರೊದ ‘ಪುಷ್ಪಕ್’ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ ಅದು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಾನೇ ರನ್‌ವೇಗೆ ಇಳಿಯಿತು. ಆ ಅಲ್ಪ ಸಮಯದಲ್ಲಿ ರೇಡಾರ್, ಜಡತ್ವ ಮಾಪಕ, ಉಪಗ್ರಹಗಳಿಂದ ಸ್ಥಾನ ತಿಳಿಯುವ ನಾವಿಕ್ ಗ್ರಾಹಕಗಳ ಅಂಕಿಗಳ ಸಮಯ ಹೊಂದದಿದ್ದರೆ ಇನ್ನೊಮ್ಮೆ ಅಳೆಯುತ್ತೇವೆ ಎನ್ನುವಂತಿಲ್ಲ.

ತಂತ್ರಾಂಶ ಎಷ್ಟೇ ಜಾಣವಾದರೂ ದಾಖಲಾಗದ್ದನ್ನು ತಂದುಕೊಡಲಾರದು. ಸೆಕೆಂಡಿಗೆ 1,000 ಸಲ ಮಾತ್ರ ಅಳೆದರೆ 900 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ 900 ಸಲದ) ಕಂಪನ 100 ಹರ್ಟ್ಸ್‌ನ ವೇಷ ಹಾಕಿ ಬರುತ್ತದೆ. ಒಮ್ಮೆ ಅಂಕಿಯಾದ ಮೇಲೆ ವೇಷ ಕಳಚಲು ಯಾವ ಆವೃತ್ತಿಗೂ ಸಾಧ್ಯವಿಲ್ಲ. ಅಳೆಯುವ ಮುನ್ನವೇ ಅಂಥ ಹೆಚ್ಚಿನ ಆವರ್ತನಗಳನ್ನು ತಡೆಯುವ ಫಿಲ್ಟರ್ ಹಾಕಿರಬೇಕು. ಸೆನ್ಸರನ್ನು ಬಣ್ಣ ಬಳಿದ ಮೇಲ್ಮೈಗೆ ಅಯಸ್ಕಾಂತದಿಂದ ಅಂಟಿಸಿದ್ದರೆ ಹೆಚ್ಚಿನ ಆವರ್ತನಗಳು ಅಲ್ಲೇ ಸೋರಿಹೋಗುತ್ತವೆ. ಚಿತ್ರದುರ್ಗದ ಗುಡ್ಡಗಳಲ್ಲಿ ಎನರ್ಕಾನ್ ಮಾದರಿಯ ಯಂತ್ರಗಳೂ ಇವೆ. ಇವುಗಳಿಗೆ ಗೇರ್‌ಬಾಕ್ಸೇ ಇಲ್ಲ, ರೆಕ್ಕೆಯ ವೇಗದಲ್ಲೇ ಜನರೇಟರೂ ಸುತ್ತುತ್ತದೆ. ಅಲ್ಲಿ ಗಮನಿಸಬೇಕಾದದ್ದು ಅರ್ಧ ಹರ್ಟ್ಸ್‌ನ ಆಸುಪಾಸಿನ ಚಲನೆ. ಕಂಪನ ಅಳೆಯುವ ಸಾಮಾನ್ಯ ಪೀಜೊ ಸೆನ್ಸರುಗಳು ಅಷ್ಟು ನಿಧಾನದಲ್ಲಿ ಮಂಕಾಗುತ್ತವೆ, ಗೇರ್‌ಬಾಕ್ಸಿಗೆಂದು ಕೊಂಡ ವ್ಯವಸ್ಥೆ ಅಲ್ಲಿ ಅರೆಕಿವುಡು.

ಇನ್ನು ಕೃತಕ ಬುದ್ಧಿಮತ್ತೆ. ಬೇರಿಂಗ್ ದೋಷವನ್ನು ಶೇಕಡ 99ರಷ್ಟು ನಿಖರವಾಗಿ ಗುರುತಿಸುತ್ತೇವೆ ಎನ್ನುವ ಪ್ರಬಂಧಗಳಲ್ಲಿ ಎಷ್ಟೋ ನಿಂತಿರುವುದು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಬಿಟ್ಟಿಯಾಗಿ ಕೊಟ್ಟ ಒಂದೇ ದತ್ತಾಂಶದ ಮೇಲೆ. ಎರಡು ಅಶ್ವಶಕ್ತಿಯ ಮೋಟರು, ಹೆಚ್ಚುಕಡಿಮೆ ಒಂದೇ ವೇಗ, ವಿದ್ಯುತ್ ಕಿಡಿಯಿಂದ ಅಳತೆಗೆ ಸರಿಯಾಗಿ ಕೊರೆದ ಗುಳಿಗಳು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪೈಥಾನ್ ಹಿಡಿದು ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯದಿಲ್ಲ. ಗುಡ್ಡದ ಗಾಳಿಗೆ ಒಡ್ಡಿದ ಯಂತ್ರಕ್ಕೆ ಅದೇ ಅಂಕ ಹೇಳುವುದು ಮಾರಾಟದ ಮಾತು.

ಗಾಳಿಯಂತ್ರದ ಗೇರ್‌ಬಾಕ್ಸನ್ನೇ ಇಟ್ಟು ಮಾಡಿದ ಪರೀಕ್ಷೆಯೂ ಇದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 750 ಕಿಲೋವ್ಯಾಟ್ ಯಂತ್ರದ, ಎಣ್ಣೆ ಸೋರಿ ಹಾಳಾಗಿದ್ದ ಗೇರ್‌ಬಾಕ್ಸ್ ಒಂದರ ಕಂಪನಗಳನ್ನು ದಾಖಲಿಸಿ, ಏನು ಕೆಟ್ಟಿದೆ ಎಂದು ಹೇಳದೆ ಬೇರೆ ಬೇರೆ ತಂಡಗಳಿಗೆ ಕೊಟ್ಟಿತು. ಗೇರ್‌ಬಾಕ್ಸನ್ನು ಬಿಚ್ಚಿದಾಗ ಕಂಡದ್ದರ ಜೊತೆ ಅವರ ಉತ್ತರಗಳನ್ನು ಹೋಲಿಸಿ 2012ರಲ್ಲಿ ವರದಿ ಮಾಡಿತು. ವೇಗದ ಅಚ್ಚಿನ ಗೇರಿನ ದೋಷ ಸುಲಭವಾಗಿ ಸಿಕ್ಕಿತು. ನಿಧಾನವಾಗಿ ಸುತ್ತುವ ಭಾಗದ ಬೇರಿಂಗ್ ದೋಷಗಳು ಹಲವರಿಂದ ತಪ್ಪಿಸಿಕೊಂಡವು. ಎಲ್ಲವನ್ನೂ ಹಿಡಿದ ವಿಧಾನ ಒಂದೂ ಇರಲಿಲ್ಲ. ಅಲ್ಲಿಂದೀಚೆಗೆ ಕಂಪನದ ಜೊತೆಗೆ ಎಣ್ಣೆಯಲ್ಲಿ ತೇಲುವ ಲೋಹದ ಚೂರುಗಳ ಎಣಿಕೆಯನ್ನೂ ಒಂದೇ ಕಾಲರೇಖೆಯ ಮೇಲೆ ತೋರಿಸುವ ಸೌಲಭ್ಯಕ್ಕೆ ಒತ್ತು ಹೆಚ್ಚಿದೆ. ಎರಡೂ ಒಟ್ಟಿಗೆ ಏರತೊಡಗಿದರೆ ತಂತ್ರಜ್ಞರು ಗೋಪುರ ಹತ್ತಿ, ಗೇರ್‌ಬಾಕ್ಸಿನ ಕಿಂಡಿಯಿಂದ ಬೋರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಬಿಟ್ಟು ಹಲ್ಲುಗಳನ್ನು ಕಣ್ಣಾರೆ ನೋಡುತ್ತಾರೆ. ಕ್ರೇನು ತರಿಸುವ ತೀರ್ಮಾನ ಆಗುವುದು ಆಮೇಲೆ.