ಬೂದಿಯ ಕಣ ಗೋಲಿಯಲ್ಲ

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಎಯಾಫ್ಯಾಟ್ಲಯೋಕುಟ್ಲ್ ಜ್ವಾಲಾಮುಖಿ ಬೂದಿ ಉಗುಳಿದಾಗ ಯುರೋಪಿನಲ್ಲಿ ಸುಮಾರು ಒಂದು ಲಕ್ಷ ವಿಮಾನ ಹಾರಾಟಗಳು ರದ್ದಾದವು. ಅಷ್ಟು ಎಚ್ಚರಿಕೆಗೆ ಕಾರಣವಿತ್ತು. 1982ರಲ್ಲಿ ಇಂಡೋನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಸಿಕ್ಕಿಕೊಂಡ ಬ್ರಿಟಿಷ್ ಏರ್‌ವೇಸ್ ಜಂಬೋ ಜೆಟ್‌ನ ನಾಲ್ಕೂ ಎಂಜಿನ್‌ಗಳು ಆಕಾಶದಲ್ಲೇ ನಿಂತುಹೋಗಿದ್ದವು. ಹಾಗಾಗಿ ಬೂದಿ ಎಲ್ಲಿದೆ, ಎಷ್ಟಿದೆ, ಯಾವಾಗ ನೆಲಕ್ಕಿಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ಇದು ಕಟ್ಟಿಗೆ ಸುಟ್ಟು ಉಳಿಯುವ ಬೂದಿಯಲ್ಲ. ಶಿಲಾರಸದೊಳಗಿನ ಅನಿಲದ ಗುಳ್ಳೆಗಳು ಹಿಗ್ಗಿ ಒಡೆದಾಗ ಚೂರುಚೂರಾಗಿ ಚಿಮ್ಮಿ, ತಣಿದು ಗಟ್ಟಿಯಾದ ಗಾಜು ಇದರಲ್ಲಿ ಬಹಳವಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕಣ ಗುಳ್ಳೆಯ ಗೋಡೆಯ ಬಾಗಿದ ಚೂರು, ಇನ್ನೊಂದು ತೆಳ್ಳನೆಯ ಹಾಳೆ, ಮತ್ತೊಂದು ಮೈತುಂಬ ತೂತು. ಅಂಚುಗಳೆಲ್ಲ ಚೂಪು.

ಗುಂಡಗಿನ ಸಣ್ಣ ಕಣ ಎಷ್ಟು ವೇಗವಾಗಿ ಬೀಳುತ್ತದೆ ಎಂಬ ಸೂತ್ರವನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲೇ ಕೊಟ್ಟಿದ್ದರು. ಅಷ್ಟೇ ತೂಕದ ಚಪ್ಪಟೆ ಚೂರಿಗೆ ಗಾಳಿಯ ತಡೆ ಹೆಚ್ಚು. ಅದು ಹೊರಳುತ್ತ, ಪಕ್ಕಕ್ಕೆ ಜಾರುತ್ತ ನಿಧಾನವಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಗಾಳಿ ಅದನ್ನು ಬಹಳ ದೂರ ಒಯ್ದಿರುತ್ತದೆ.

ಕಂಪ್ಯೂಟರ್ ಈ ಓಟವನ್ನು ಎರಡು ಲೆಕ್ಕಗಳಲ್ಲಿ ಹಿಡಿಯುತ್ತದೆ. ಗಾಳಿಯನ್ನು ಪುಟ್ಟ ಪುಟ್ಟ ಚೌಕಗಳಾಗಿ ವಿಂಗಡಿಸಿ ಒಂದೊಂದರಲ್ಲೂ ಅದರ ಒತ್ತಡ, ವೇಗಗಳನ್ನು ಬಿಡಿಸುವುದು ಒಂದು. ಪ್ರತಿ ಕಣದ ಚಲನೆ, ತಿರುಗಾಟ, ಡಿಕ್ಕಿಗಳನ್ನು ಬೆನ್ನಟ್ಟುವುದು ಇನ್ನೊಂದು. ಇದಕ್ಕೆ ಪೀಟರ್ ಕಂಡಾಲ್ ಮತ್ತು ಓಟೋ ಸ್ಟ್ರ್ಯಾಕ್ 1979ರಲ್ಲಿ ಪ್ರಕಟಿಸಿದ ವಿಧಾನವೇ ಬುನಾದಿ. ಗಾಳಿ ಕಣವನ್ನು ತಳ್ಳುತ್ತದೆ, ಕಣ ಗಾಳಿಯನ್ನು ಕದಡುತ್ತದೆ. ಕ್ಷಣಕ್ಷಣವೂ ಎರಡನ್ನೂ ಹೊಂದಿಸಬೇಕು.

ತೊಡಕು ಇರುವುದು ಆಕಾರದಲ್ಲೇ. ಎರಡು ಗೋಳಗಳು ತಾಗಿದವೇ ಎಂದು ತಿಳಿಯಲು ಕೇಂದ್ರಗಳ ನಡುವಿನ ದೂರ ಅಳೆದರೆ ಸಾಕು. ಮೂಲೆ ಮುರುಕುಗಳ ಚೂರುಗಳಾದರೆ ಯಾವ ಮೂಲೆ ಯಾವ ಮುಖಕ್ಕೆ ತಗುಲಿತೆಂದು ಪ್ರತಿ ಹೆಜ್ಜೆಯಲ್ಲೂ ಹುಡುಕಬೇಕು. ಆದ್ದರಿಂದ ಹಲವು ಪುಟ್ಟ ಗೋಳಗಳನ್ನು ಒಂದಕ್ಕೊಂದು ಅಂಟಿಸಿ ಚೂರಿನ ರೂಪ ಕಟ್ಟುವುದುಂಟು. ಅದರ ಸುತ್ತಲಿನ ಹರಿವಿಗೆ ಚಾರ್ಲ್ಸ್ ಪೆಸ್ಕಿನ್ ನೆರವಾಗುತ್ತಾರೆ. ಹೃದಯದ ಕವಾಟಗಳ ಸುತ್ತ ರಕ್ತ ಹರಿಯುವ ಬಗೆ ತಿಳಿಯಲು 1972ರಲ್ಲಿ ಅವರು ರೂಪಿಸಿದ ವಿಧಾನದಲ್ಲಿ ಚೌಕಗಳ ಜಾಲ ಕದಲುವುದಿಲ್ಲ. ವಸ್ತುವಿನ ಮೇಲ್ಮೈ ಮಾತ್ರ ಅದರೊಳಗೆ ಸರಿದಾಡುತ್ತ ದ್ರವದ ಮೇಲೆ ಬಲ ಹಾಕುತ್ತದೆ.

ಇಷ್ಟು ಸೂಕ್ಷ್ಮವಾಗಿ ಇಡೀ ಖಂಡದ ಬೂದಿಮೋಡವನ್ನು ಲೆಕ್ಕ ಹಾಕಲು ಯಾವ ಸೂಪರ್‌ಕಂಪ್ಯೂಟರ್‌ಗೂ ಆಗದು. ಅದಕ್ಕೆಂದೇ ಕೆಲವೇ ಕಣಗಳನ್ನು ಕೂಲಂಕಷವಾಗಿ ಪರೀಕ್ಷಿಸಿ, ಯಾವ ಆಕಾರಕ್ಕೆ ಎಷ್ಟು ತಡೆ ಎಂಬ ಸರಳ ಸೂತ್ರ ಪಡೆಯುತ್ತಾರೆ. ಮೋಡದ ದಾರಿ ಹೇಳುವ ದೊಡ್ಡ ಮಾದರಿಗಳಿಗೆ ಇಂಥ ಸೂತ್ರಗಳನ್ನು ಉಣಿಸಿದಾಗ ಬೂದಿ ಇಳಿಯುವ ಜಾಗದ ಅಂದಾಜು ಇನ್ನಷ್ಟು ನಿಖರವಾಗುತ್ತದೆ.