ಆಜ್ಞೆಯ ದಾರಿ, ರೋಗಿಯ ದಾರಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದು ತಮಗೆಲ್ಲ ತಿಳಿದದ್ದೇ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಆ ಬಂಡೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಧರ್ಮೋಪದೇಶಕ್ಕಿಂತ ಮೊದಲು ಅದರ ಆರಂಭದ ಕಡೆಗೆ ಹೋಗುತ್ತದೆ. ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯದು. ಮೊದಲಾಗುವುದು ಅವರ ಆರೋಗ್ಯವನ್ನು ಹಾರೈಸಿ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಆಡಳಿತ ಈ ನೆಲಕ್ಕೆ ಹೊಸತಲ್ಲ. ಆದರೆ ಅಲ್ಲಿ ಹಾರೈಕೆ ಅಧಿಕಾರಿಗಳಿಗೆ. ಅದನ್ನು ಹಟ್ಟಿಯ ಬಾಣಂತಿಯವರೆಗೆ ತಲುಪಿಸುವ ಹೊಣೆ ನಮ್ಮದು.

ಹಿಂದೆ ನಮ್ಮ ರಾಜ್ಯದಲ್ಲಿ ಚಿಕಿತ್ಸೆಗೆ ಒಂದು ಇಲಾಖೆ, ರೋಗ ತಡೆಯುವುದಕ್ಕೆ ಇನ್ನೊಂದು ಇಲಾಖೆ ಇದ್ದವು. ಮಲೇರಿಯಾ ಜ್ವರದಿಂದ ಮಲಗಿದವನು ಒಬ್ಬರ ಪಾಲು, ಸೊಳ್ಳೆ ಹುಟ್ಟುವ ಗುಂಡಿ ಮತ್ತೊಬ್ಬರ ಪಾಲು. ಎರಡೂ ಒಂದೇ ಕೈಯಲ್ಲಿರಬೇಕೆಂದು ಭೋರ್ ಸಮಿತಿ 1946ರಲ್ಲಿಯೇ ಹೇಳಿತ್ತು. ಇಲ್ಲಿ ಅವು ಒಂದಾದದ್ದು 1965ರಲ್ಲಿ. ಒಂದೊಂದು ರೋಗಕ್ಕೆ ಒಬ್ಬೊಬ್ಬ ನೌಕರನೆಂಬ ಪದ್ಧತಿಯನ್ನು ಬಿಟ್ಟು ಬಹೂದ್ದೇಶ ಕಾರ್ಯಕರ್ತರನ್ನು ನೇಮಿಸಬೇಕೆಂದು ಕರ್ತಾರ್ ಸಿಂಗ್ ಸಮಿತಿ 1973ರಲ್ಲಿ ಸಲಹೆ ಮಾಡಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅವುಗಳ ಆಡಳಿತಕ್ಕೆ ಸೇರಿದವು.

ಇವೆಲ್ಲ ಸರಿಯಾದ ಹೆಜ್ಜೆಗಳೇ. ಆದರೂ ಚಳ್ಳಕೆರೆಯ ಸೀಮೆಗೆ ಬಂದಾಗ ಲೆಕ್ಕ ಸ್ವಲ್ಪ ತಪ್ಪುತ್ತದೆ. ಬಯಲುನಾಡಿನಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ ಎಂಬುದು ನಿಯಮ. ಒತ್ತಾಗಿ ಊರುಗಳಿರುವ ಕಡೆ ಇದು ಚೆನ್ನು. ಇಲ್ಲಿಯಾದರೋ ಕಾವಲುಗಳು, ಕಲ್ಲುಗುಡ್ಡಗಳು, ಶೇಂಗಾ ಹೊಲಗಳು. ನಡುನಡುವೆ ಮ್ಯಾಸಬೇಡರ ಹಟ್ಟಿ, ಗೊಲ್ಲರ ಹಟ್ಟಿ. ತಲೆಗಳನ್ನು ಎಣಿಸಿದರೆ ಕಡಿಮೆ, ಹೆಜ್ಜೆಗಳನ್ನು ಎಣಿಸಿದರೆ ಹೆಚ್ಚು. ಆ ಹೆಜ್ಜೆಗಳನ್ನು ಹಾಕಬೇಕಾದವಳು ಹಿಂದೆ ಕಿರಿಯ ಆರೋಗ್ಯ ಸಹಾಯಕಿ ಎನಿಸಿಕೊಂಡಿದ್ದವಳು, ಹಳ್ಳಿಯ ಬಾಯಲ್ಲಿ ನರ್ಸಮ್ಮ. ಹೆರಿಗೆಯಾದ ತಾಯಿಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿ ಕೆಲವು ಹಟ್ಟಿಗಳಲ್ಲಿ ಉಳಿದು ಬಂದಿರುವಾಗ, ಅವಳು ಒಂದು ದಿನ ತಡವಾಗಿ ಬಂದರೂ ಎರಡು ಜೀವಗಳಿಗೆ ಆಪತ್ತು.

ಇನ್ನು ಗಡಿಯ ಮಾತು. ಮೊಳಕಾಲ್ಮುರು ಮೈಸೂರು ಸಂಸ್ಥಾನದಲ್ಲಿತ್ತು. ಪಕ್ಕದ ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿತ್ತು. ಇಂದು ಎರಡೂ ಒಂದೇ ರಾಜ್ಯದಲ್ಲಿದ್ದರೂ ಚಿತ್ರದುರ್ಗ ಬೆಂಗಳೂರು ವಿಭಾಗಕ್ಕೆ, ಬಳ್ಳಾರಿ ಕಲಬುರಗಿ ವಿಭಾಗಕ್ಕೆ ಸೇರಿವೆ. ರಾಂಪುರದವರಿಗೆ ಬಳ್ಳಾರಿ ಹತ್ತಿರ, ಚಿತ್ರದುರ್ಗ ದೂರ. ಕಾಗದ ಒಂದು ದಿಕ್ಕಿಗೆ ಹೋಗುತ್ತದೆ, ಕಾಯಿಲೆಯವರು ಇನ್ನೊಂದು ದಿಕ್ಕಿಗೆ. ಹೀಗಾದಾಗ ಗಡಿ ದಾಟಿ ಹೋದ ರೋಗಿಯ ವಿವರ ಅವನ ಊರಿನ ನರ್ಸಮ್ಮನಿಗೆ ಹಿಂದಿರುಗಿ ಬರುವ ಏರ್ಪಾಡು ಬೇಕು. ಇಲ್ಲವಾದರೆ ಮುಂದಿನ ಆರೈಕೆಯ ಎಳೆ ಅಲ್ಲಿಯೇ ಕಡಿದುಹೋಗುತ್ತದೆ.

ಮೂರನೆಯದು ನೀರು. ಈ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಹೆಚ್ಚು. ಮೊದಲು ಮಕ್ಕಳ ಹಲ್ಲಿಗೆ ಕಲೆ, ವರ್ಷಗಳು ಕಳೆದ ಮೇಲೆ ಬೆನ್ನಿಗೂ ಕೀಲಿಗೂ ಬಿಗಿತ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮದ್ದು ಇಲ್ಲ. ನೀರನ್ನು ಬದಲಿಸುವುದೊಂದೇ ದಾರಿ. ಆದರೆ ಬೆನ್ನು ಆರೋಗ್ಯ ಇಲಾಖೆಯದು, ನೀರು ಬೇರೆ ಇಲಾಖೆಯದು. 1965ರಲ್ಲಿ ಮುಚ್ಚಿದೆವೆಂದುಕೊಂಡ ಬಿರುಕು ಇಲ್ಲಿ ಮತ್ತೆ ಕಾಣುತ್ತದೆ.

ಹಾಗಾದರೆ ಪುನರ್ವ್ಯವಸ್ಥೆ ಎಂದರೇನು? ನಾಮಫಲಕ ಬದಲಾಯಿಸುವುದಲ್ಲ, ಹೊಸ ಹುದ್ದೆಗೊಂದು ಹೊಸ ಹೆಸರನ್ನಿಡುವುದೂ ಅಲ್ಲ. ತಲೆಯೆಣಿಕೆಯ ಜೊತೆಗೆ ದೂರದ ಎಣಿಕೆ, ಜಿಲ್ಲೆಯ ಗಡಿಯಾಚೆಗೂ ರೋಗಿಯನ್ನು ಹಿಂಬಾಲಿಸುವ ದಾಖಲೆ, ನೀರನ್ನೂ ಬೆನ್ನನ್ನೂ ಒಟ್ಟಿಗೆ ನೋಡುವ ತಾಲ್ಲೂಕು ಮಟ್ಟದ ಅಧಿಕಾರ: ಈ ಮೂರು ಕೂಡಿದರೆ ಆಜ್ಞೆಯ ದಾರಿಯೂ ರೋಗಿಯ ದಾರಿಯೂ ಹತ್ತಿರವಾದಾವು. ಇಸಿಲದ ಬಂಡೆಯ ಮೇಲಿನ ಆರೋಗ್ಯವೆಂಬ ಮಾತು ಆಗ ಅಧಿಕಾರಿಯ ಬಾಗಿಲಲ್ಲಿಯೇ ನಿಲ್ಲದೆ ಹಟ್ಟಿಯ ಬೇಲಿಯನ್ನು ದಾಟೀತು.