ಮಾಸ್ಟೆಕ್ಟಮಿ ವೇಳೆ ಸ್ಟೀರಾಯ್ಡ್ ಕೊಟ್ಟರೆ ಮುಂದೆ ಕಾಡುವ ನೋವು ತಪ್ಪುತ್ತದೆಯೇ? ಅಧ್ಯಯನಗಳು ಹೇಳುವುದೇನು?

ನವದೆಹಲಿ: ಸ್ತನ ಕ್ಯಾನ್ಸರ್ ಆಪರೇಷನ್ ಮುಗಿದು ಆರು ತಿಂಗಳಾಗಿರುತ್ತದೆ. ಗಾಯ ಒಣಗಿದೆ, ರಿಪೋರ್ಟ್ ಕೂಡ ಚೆನ್ನಾಗಿದೆ. ಆದರೂ ಕಂಕುಳಲ್ಲಿ ಉರಿ, ತೋಳಿನ ಒಳಭಾಗದಲ್ಲಿ ಜೋಮು, ಎದೆಗೆ ಸೆರಗು ತಾಗಿದರೂ ಚುಚ್ಚಿದಂತಾಗುವ ನೋವು. 'ಕ್ಯಾನ್ಸರ್ ಮತ್ತೆ ಬಂತೇ?' ಎಂಬ ಭಯ ಒಂದೆಡೆಯಾದರೆ, 'ಜೀವ ಉಳಿದಿದೆಯಲ್ಲ, ಇಷ್ಟು ನೋವು ಸಹಜ' ಎಂಬ ಮನೆಯವರ ಸಮಾಧಾನ ಇನ್ನೊಂದೆಡೆ. ಹೀಗಾಗಿ ಅನೇಕ ಮಹಿಳೆಯರು ನೋವನ್ನು ವೈದ್ಯರ ಬಳಿ ಹೇಳಿಕೊಳ್ಳುವುದೇ ಇಲ್ಲ.

ಆಪರೇಷನ್ ವೇಳೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಈ ನೋವನ್ನು ಮೊದಲೇ ತಡೆಯಬಹುದೇ ಎಂಬ ಪ್ರಶ್ನೆ ಬಹಳ ಕಾಲದಿಂದ ಇದೆ. ಈವರೆಗಿನ ದೊಡ್ಡ ಅಧ್ಯಯನಗಳು ಕೊಟ್ಟಿರುವ ಉತ್ತರ ಅಷ್ಟೇನೂ ಆಶಾದಾಯಕವಾಗಿಲ್ಲ.

ಎಷ್ಟು ಜನರಿಗೆ ಈ ನೋವು?

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಗ್ಲೋಬೋಕ್ಯಾನ್ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಕಂಡುಬಂದಿವೆ. ಇವರಲ್ಲಿ ಅನೇಕರಿಗೆ ಸ್ತನವನ್ನೇ ತೆಗೆಯುವ ಮಾಸ್ಟೆಕ್ಟಮಿ ಅನಿವಾರ್ಯವಾಗುತ್ತದೆ.

ಡೆನ್ಮಾರ್ಕ್‌ನಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಗಿ ಎರಡು-ಮೂರು ವರ್ಷ ಕಳೆದ 3,253 ಮಹಿಳೆಯರ ಸಮೀಕ್ಷೆ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 47ರಷ್ಟು ಮಂದಿ ಇನ್ನೂ ನೋವಿದೆ ಎಂದಿದ್ದರು. ನೋವಿದೆ ಎಂದವರಲ್ಲಿ ಶೇ 13ರಷ್ಟು ಮಂದಿಯದು ತೀವ್ರ ನೋವು. ಸಣ್ಣ ವಯಸ್ಸಿನವರು ಮತ್ತು ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಇದರ ಪ್ರಮಾಣ ಹೆಚ್ಚಿತ್ತು.

ನೋವು ಬರುವುದು ಏಕೆ?

ಪಕ್ಕೆಲುಬುಗಳ ನಡುವಿನಿಂದ ಹೊರಟು ಕಂಕುಳಿನ ಮೂಲಕ ತೋಳಿನ ಒಳಭಾಗಕ್ಕೆ ಹೋಗುವ ನರವೊಂದಿದೆ. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ಈ ನರ ಎಳೆದುಕೊಳ್ಳಬಹುದು, ಕೆಲವೊಮ್ಮೆ ಕತ್ತರಿಸಿಯೂ ಹೋಗಬಹುದು. ಪೆಟ್ಟಾದ ನರ, ಗಾಯ ಮಾಗಿದ ಮೇಲೂ ಮೆದುಳಿಗೆ ನೋವಿನ ಸಂಕೇತ ಕಳುಹಿಸುತ್ತಲೇ ಇರುತ್ತದೆ. ಆಪರೇಷನ್ ಬಳಿಕ ಶುರುವಾದ ನೋವು ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವೂ ಸಿಕ್ಕಿದೆ.

ಸ್ಟೀರಾಯ್ಡ್ ಕೊಡುವುದು ಯಾಕೆ?

ಕೊರೊನಾ ಕಾಲದಲ್ಲಿ ಡೆಕ್ಸಾಮೆಥಾಸೋನ್ ಹೆಸರು ಮನೆಮಾತಾಗಿತ್ತು. ಇದೇ ಔಷಧಿಯನ್ನು ಅರಿವಳಿಕೆ ತಜ್ಞರು ಅನೇಕ ವರ್ಷಗಳಿಂದ ಆಪರೇಷನ್ ಥಿಯೇಟರ್‌ನಲ್ಲಿ ಬಳಸುತ್ತಿದ್ದಾರೆ. ಸಾಮಾನ್ಯವಾಗಿ 4ರಿಂದ 8 ಮಿಲಿಗ್ರಾಂ, ಒಂದೇ ಒಂದು ಡೋಸ್. ಅರಿವಳಿಕೆಯ ನಂತರದ ವಾಂತಿ, ವಾಕರಿಕೆ ತಡೆಯುವುದು ಇದರ ಮುಖ್ಯ ಉದ್ದೇಶ. ಮೊದಲ ದಿನದ ನೋವೂ ಸ್ವಲ್ಪ ತಗ್ಗುತ್ತದೆ.

ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ. ಉರಿಯೂತ ಕಡಿಮೆಯಾದರೆ ನರಗಳು ಕೆರಳುವುದೂ ಕಡಿಮೆಯಾಗಿ, ಮುಂದಿನ ನೋವು ತಪ್ಪಬಹುದು ಎಂಬುದು ಸಂಶೋಧಕರ ಲೆಕ್ಕಾಚಾರವಾಗಿತ್ತು. 2006ರಲ್ಲಿ ಸ್ತನ ಹಿಗ್ಗಿಸುವ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯರ ಮೇಲೆ ನಾರ್ವೆಯಲ್ಲಿ ನಡೆದ ಸಣ್ಣ ಅಧ್ಯಯನವೂ ಈ ಆಸೆ ಹುಟ್ಟಿಸಿತ್ತು. ಸ್ಟೀರಾಯ್ಡ್ ಪಡೆದವರಲ್ಲಿ ಮುಟ್ಟಿದರೆ ಅತಿಯಾಗಿ ನೋಯುವ ತೊಂದರೆ ಕಡಿಮೆ ಇತ್ತು.

ದೊಡ್ಡ ಪ್ರಯೋಗದಲ್ಲಿ ಕಂಡಿದ್ದೇನು?

2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ಯಾಡಿ ಎಂಬ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಹೃದಯದ ಆಪರೇಷನ್ ಹೊರತುಪಡಿಸಿ ಬೇರೆ ಬೇರೆ ಶಸ್ತ್ರಚಿಕಿತ್ಸೆಗೆ ಒಳಗಾದ 8,700ಕ್ಕೂ ಹೆಚ್ಚು ರೋಗಿಗಳ ಫಲಿತಾಂಶವನ್ನು ಇದರಲ್ಲಿ ವಿಶ್ಲೇಷಿಸಲಾಗಿತ್ತು. ಅರ್ಧದಷ್ಟು ಮಂದಿಗೆ 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಉಳಿದವರಿಗೆ ಔಷಧಿಯಿಲ್ಲದ ಇಂಜೆಕ್ಷನ್ ನೀಡಲಾಗಿತ್ತು.

* ಮೊದಲ 24 ಗಂಟೆಯಲ್ಲಿ ವಾಂತಿ, ವಾಕರಿಕೆ: ಸ್ಟೀರಾಯ್ಡ್ ಪಡೆದವರಲ್ಲಿ ಶೇ 42.2, ಪಡೆಯದವರಲ್ಲಿ ಶೇ 53.9.
* ಗಾಯಕ್ಕೆ ಸೋಂಕು: ಶೇ 8.1 ಮತ್ತು ಶೇ 9.1. ಅಂದರೆ ಸೋಂಕು ಹೆಚ್ಚುತ್ತದೆ ಎಂಬ ಆತಂಕ ನಿಜವಾಗಲಿಲ್ಲ.
* ದೀರ್ಘಕಾಲದ ನೋವು: ಶೇ 8.7 ಮತ್ತು ಶೇ 7.4.

ಕೊನೆಯ ಅಂಕಿಯೇ ಅಚ್ಚರಿ ಮೂಡಿಸಿದ್ದು. ಸ್ಟೀರಾಯ್ಡ್ ಪಡೆದವರಲ್ಲಿ ದೀರ್ಘಕಾಲದ ನೋವು ಕಡಿಮೆಯಾಗುವ ಬದಲು ತುಸು ಹೆಚ್ಚೇ ಇತ್ತು. ಇದು ಮಾಸ್ಟೆಕ್ಟಮಿಗಷ್ಟೇ ಸೀಮಿತವಾದ ಪ್ರಯೋಗವಲ್ಲ, ವ್ಯತ್ಯಾಸವೂ ಸಾವಿರಕ್ಕೆ 13ರಷ್ಟು ಮಾತ್ರ. ಆದರೆ ಸ್ಟೀರಾಯ್ಡ್ ಮುಂದಿನ ನೋವನ್ನು ತಡೆಯುತ್ತದೆ ಎನ್ನಲು ಇಲ್ಲಿ ಆಧಾರ ಸಿಗಲಿಲ್ಲ.

ಉರಿಯೂತವೂ ಬೇಕೇ?

2022ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ಸಂಭವನೀಯ ಕಾರಣ ಮುಂದಿಟ್ಟರು. ಗಾಯವಾದ ಕೂಡಲೇ ಧಾವಿಸಿ ಬರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನೋವು ತಾನಾಗಿ ಇಳಿಯಲು ನೆರವಾಗುತ್ತವೆ ಎಂಬುದು ಅವರ ವಾದ. ಇಲಿಗಳಿಗೆ ಆರಂಭದಲ್ಲೇ ಡೆಕ್ಸಾಮೆಥಾಸೋನ್ ಅಥವಾ ಡೈಕ್ಲೋಫೆನಾಕ್ ಕೊಟ್ಟಾಗ ಆ ಕ್ಷಣದ ನೋವು ತಗ್ಗಿತು, ಆದರೆ ಒಟ್ಟಾರೆ ನೋವು ಹೆಚ್ಚು ದಿನ ಉಳಿಯಿತು. ಆಪರೇಷನ್ ಆದ ಮನುಷ್ಯರಲ್ಲೂ ಹೀಗೇ ಆಗುತ್ತದೆ ಎಂಬುದು ಇನ್ನೂ ಖಚಿತವಾಗಿಲ್ಲ.

ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್?

ಬೆನ್ನುಮೂಳೆಯ ಪಕ್ಕದ ನರಗಳನ್ನು ಮರಗಟ್ಟಿಸುವ ವಿಧಾನದ ಮೇಲೂ ಭರವಸೆಯಿತ್ತು. 2018ರ ಕಾಕ್ರೇನ್ ವಿಮರ್ಶೆ ಇದರಿಂದ ಲಾಭವಿರಬಹುದು ಎಂದರೂ ಪುರಾವೆ ದುರ್ಬಲ ಎಂದಿತ್ತು. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ 2,108 ಮಹಿಳೆಯರ ಪ್ರಯೋಗದಲ್ಲಿ ಆರು ತಿಂಗಳ ಬಳಿಕ ಎರಡೂ ಗುಂಪುಗಳಲ್ಲಿ ಶೇ 52ರಷ್ಟು ಮಂದಿಗೆ ನೋವಿತ್ತು. ಒಂದು ವರ್ಷದ ಹೊತ್ತಿಗೆ ಅದು ಶೇ 28 ಮತ್ತು ಶೇ 27ಕ್ಕೆ ಇಳಿದಿತ್ತು. ಅಂದರೆ ಯಾವ ಅರಿವಳಿಕೆ ಕೊಟ್ಟರೂ ಅನೇಕರಲ್ಲಿ ನೋವು ಕಾಲಕ್ರಮೇಣ ಇಳಿಯುತ್ತದೆ.

ಹಾಗಾದರೆ ಏನು ಮಾಡಬೇಕು?

ವಾಂತಿ ತಡೆಯಲು ಕೊಡುವ ಒಂದು ಡೋಸ್ ಸ್ಟೀರಾಯ್ಡ್‌ಗೆ ಹೆದರಬೇಕಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ತಪ್ಪದೇ ಮೊದಲೇ ತಿಳಿಸಬೇಕು, ಏಕೆಂದರೆ ಸ್ಟೀರಾಯ್ಡ್‌ನಿಂದ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆದರೆ ನೋವಿಗೆಂದು ಮೆಡಿಕಲ್ ಶಾಪ್‌ನಿಂದ ತಾವೇ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವುದು ಅಪಾಯ.

ಆಪರೇಷನ್‌ಗೆ ಮುನ್ನ ಕಂಕುಳಿನ ಎಲ್ಲ ಗ್ರಂಥಿಗಳನ್ನೂ ತೆಗೆಯಬೇಕೇ, ಮೊದಲ ಒಂದೆರಡನ್ನು ಮಾತ್ರ ಪರೀಕ್ಷಿಸಿದರೆ ಸಾಕೇ ಎಂದು ಸರ್ಜನ್ ಬಳಿ ಕೇಳಬಹುದು. ರೋಗದ ಹಂತ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆಪರೇಷನ್ ನಂತರ ಹೇಳಿಕೊಟ್ಟ ತೋಳಿನ ವ್ಯಾಯಾಮ ಬಿಡಬಾರದು.

ಮೂರು ತಿಂಗಳಾದರೂ ಉರಿ, ಜೋಮು ಹೋಗದಿದ್ದರೆ ಚಿಕಿತ್ಸೆ ಇದೆ. ಸಾಮಾನ್ಯ ನೋವಿನ ಮಾತ್ರೆ ನರದ ನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್‌ನಂತಹ ಔಷಧಿಗಳನ್ನು ವೈದ್ಯರು ರೋಗಿಯ ಸ್ಥಿತಿ ನೋಡಿ ಕೊಡುತ್ತಾರೆ. ಜೊತೆಗೆ ಫಿಸಿಯೋಥೆರಪಿಯೂ ಇರುತ್ತದೆ.

ಪಶ್ಚಿಮ ದೆಹಲಿಯವರಿಗೆ ಜನಕಪುರಿಯಲ್ಲೇ ದೆಹಲಿ ರಾಜ್ಯ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ. ಏಮ್ಸ್‌ಗೆ ಹೋಗುವವರು ಜನಕಪುರಿ ವೆಸ್ಟ್‌ನಿಂದ ಮೆಜೆಂಟಾ ಮಾರ್ಗದ ಮೆಟ್ರೋದಲ್ಲಿ ಹೌಜ್ ಖಾಸ್‌ಗೆ ಬಂದು, ಅಲ್ಲಿ ಹಳದಿ ಮಾರ್ಗದ ರೈಲು ಹತ್ತಿದರೆ ಎರಡನೇ ನಿಲ್ದಾಣವೇ ಏಮ್ಸ್. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆಗೆಂದೇ ಕ್ಲಿನಿಕ್ ಇದೆ. ಕರ್ನಾಟಕದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಹೊಸದಾಗಿ ಗಂಟು ಕಂಡರೆ, ತೋಳು ಊದಿಕೊಂಡರೆ, ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ ಮುಂದಿನ ಚೆಕಪ್ ದಿನದವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.